ಜರಡಿ ಹಿಡಿಯದ ಕಸ

ಕಡಲು ಯಾರದ್ದನ್ನೂ ಇಟ್ಟುಕೊಳ್ಳುವುದಿಲ್ಲ, ಇವತ್ತಲ್ಲ ನಾಳೆ ದಡಕ್ಕೆ ತಂದು ಹಾಕುತ್ತದೆ ಎಂಬ ಮಾತು ಕೇಳಿಯೇ ಕರಾವಳಿಯ ನಾವು ಬೆಳೆದದ್ದು. ಮಳೆಗಾಲದ ದಡ ನೋಡಿದರೆ ಅದು ನಿಜವೆನಿಸುತ್ತದೆ: ಚಪ್ಪಲಿ, ಬಾಟಲಿ, ಬಲೆಯ ತುಂಡು, ಥರ್ಮಾಕೋಲ್. ಅಲೆ ಬಂದು ನಿಂತ ಗೆರೆಯಿಂದ ಒಮ್ಮೆ ಒಂದು ಬೊಗಸೆ ಮರಳನ್ನು ಬಕೆಟ್ಟಿನ ಉಪ್ಪುನೀರಿಗೆ ಹಾಕಿ ಕಲಕಿದ್ದೆ. ಮರಳು ತಳ ಸೇರಿತು. ಹಗ್ಗದ ಹಸಿರು ಎಳೆ, ಮುಚ್ಚಳದ ನೀಲಿ ಚೂರು, ಸಬ್ಬಕ್ಕಿಯಂಥ ಬಿಳಿ ಗುಂಡುಗಳು ಮೇಲೆ ತೇಲಿದವು. ಬೆರಳಿಂದ ಆರಿಸಿದೆ. ಅದಕ್ಕೂ ಸಣ್ಣವು ಬೆರಳಿಗೆ ಅಂಟುತ್ತಿದ್ದವು, ಆರಿಸಲು ಬರುತ್ತಿರಲಿಲ್ಲ.

ಆ ಹಳೆಯ ಮಾತನ್ನು ಈಗ ನಂಬಲಾರೆ. 2010ರ ಒಂದೇ ವರ್ಷದಲ್ಲಿ ನೆಲದಿಂದ ಕಡಲಿಗೆ 48 ಲಕ್ಷದಿಂದ 127 ಲಕ್ಷ ಟನ್ ಪ್ಲಾಸ್ಟಿಕ್ ಸೇರಿತೆಂದು ಸಂಶೋಧಕಿ ಜೆನ್ನಾ ಜಾಮ್‌ಬೆಕ್ ಅವರ ತಂಡ ಅಂದಾಜು ಮಾಡಿತು. ಜಗತ್ತಿನ ಸಾಗರಗಳ ಮೇಲೆ ತೇಲುತ್ತಿರುವುದನ್ನೆಲ್ಲ 2014ರಲ್ಲಿ ಇನ್ನೊಂದು ತಂಡ ಲೆಕ್ಕ ಹಾಕಿದಾಗ ಬಂದದ್ದು ಸುಮಾರು 2.7 ಲಕ್ಷ ಟನ್ ಮಾತ್ರ. ಉಳಿದದ್ದರಲ್ಲಿ ಒಂದಿಷ್ಟು ದಡಕ್ಕೆ ಬಂದಿರಬೇಕು. ಒಂದಿಷ್ಟು ಬಿಸಿಲಿಗೆ ಬಿರುಕುಬಿಟ್ಟು ಪುಡಿಯಾಗುತ್ತದೆ, ಮೈಗೆ ಪಾಚಿ ಹತ್ತಿ ಭಾರವಾಗಿ ಮುಳುಗುತ್ತದೆ. ಕಡಲಿನ ಅತಿ ಆಳದ ಮರಿಯಾನಾ ಕಂದಕದ ತಳದಲ್ಲಿ ಬದುಕುವ ಸಿಗಡಿಯಂಥ ಜೀವಿಗಳ ಕರುಳಿನಲ್ಲೂ ಪ್ಲಾಸ್ಟಿಕ್ ಎಳೆಗಳು ಸಿಕ್ಕಿವೆ.

ನನ್ನನ್ನು ಬಹಳ ಕಾಡಿದ್ದು ಒಂದು ರೇಷ್ಮೆ ಪಟ್ಟಿ. ಪ್ಲ್ಯಾಂಕ್ಟನ್, ಅಂದರೆ ಕಡಲಲ್ಲಿ ತೇಲುವ ಸಣ್ಣ ಜೀವಿಗಳನ್ನು ಹಿಡಿಯಲು ವಿಜ್ಞಾನಿ ಅಲಿಸ್ಟರ್ ಹಾರ್ಡಿ ರೂಪಿಸಿದ ಯಂತ್ರವನ್ನು 1931ರಿಂದ ಸರಕು ಹಡಗುಗಳು ಹಿಂದೆ ಕಟ್ಟಿಕೊಂಡು ಎಳೆಯುತ್ತ ಬಂದಿವೆ. ನೀರು ಒಳಗೆ ಹಾದುಹೋಗುವಾಗ ರೇಷ್ಮೆ ನಿಧಾನಕ್ಕೆ ಸುತ್ತಿಕೊಳ್ಳುತ್ತದೆ. ಕಾಲು ಮಿಲಿಮೀಟರಿನಷ್ಟು ಕಣ್ಣಿನ ಆ ಜಾಲರಿಗೆ ಸಿಕ್ಕ ಜೀವಿಗಳನ್ನು ಇನ್ನೊಂದು ರೇಷ್ಮೆ ಮುಚ್ಚುತ್ತದೆ, ಸುರುಳಿ ಫಾರ್ಮಾಲಿನ್‌ ಒಳಗೆ ಇಳಿಯುತ್ತದೆ. ಮೀನಿನ ಆಹಾರ ಎಲ್ಲೆಲ್ಲಿ ಎಷ್ಟಿದೆ ಎಂದು ತಿಳಿಯಲು ಹುಟ್ಟಿದ ಕೆಲಸ ಅದು. ಪ್ಲಿಮತ್ ವಿಶ್ವವಿದ್ಯಾಲಯದ ರಿಚರ್ಡ್ ಥಾಂಪ್ಸನ್ ಮತ್ತು ಸಂಗಡಿಗರು ಸ್ಕಾಟ್ಲೆಂಡ್‌ನಿಂದ ಶೆಟ್ಲೆಂಡ್, ಐಸ್‌ಲೆಂಡ್ ಕಡೆಗಿನ ಹಳೆಯ ಸುರುಳಿಗಳನ್ನು ಮತ್ತೆ ಬಿಚ್ಚಿ ನೋಡಿದರು. 1960ರ ದಶಕದ ರೇಷ್ಮೆಯಲ್ಲೇ ಪ್ಲಾಸ್ಟಿಕ್ ಎಳೆಗಳಿದ್ದವು. ದಶಕ ಕಳೆದಂತೆ ಹೆಚ್ಚಿದ್ದವು. ಆ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಅಷ್ಟು ವರ್ಷ ಅದೇ ಪಟ್ಟಿಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ಜೀವಿಗಳನ್ನು ಎಣಿಸಿದ್ದರು. ಜೊತೆಗಿದ್ದ ಪ್ಲಾಸ್ಟಿಕ್ಕನ್ನು ಎಣಿಸಬೇಕೆಂದು ಯಾರಿಗೆ ತಾನೇ ಹೊಳೆದೀತು?

ಆ ರೇಷ್ಮೆಯ ಬಗ್ಗೆ ಯೋಚಿಸುತ್ತ ಕಡಲು ಶುಚಿ ಮಾಡುವ ಮಾತಿನಲ್ಲಿ ನನಗಿದ್ದ ಭರವಸೆ ಕುಗ್ಗಿತು. ಕಡಲಲ್ಲಿ ಕಸವಾಗಿ ತೇಲುವ ದೊಡ್ಡ ಮೀನುಬಲೆಗಳನ್ನು ಎಳೆದು ತೆಗೆಯುವುದು ಒಳ್ಳೆಯ ಕೆಲಸ, ತೆಗೆಯಲೇಬೇಕು. ಉತ್ತರ ಪೆಸಿಫಿಕ್‌ನ ತೇಲುವ ಕಸರಾಶಿಯ ತೂಕದಲ್ಲಿ ಅರ್ಧದ ಹತ್ತಿರ ಅಂಥ ಬಲೆಗಳೇ. ಆದರೆ ಚೂರು ಪ್ಲ್ಯಾಂಕ್ಟನ್ನಿನಷ್ಟೇ ಸಣ್ಣದಾದ ಮೇಲೆ ಯಾವ ಜರಡಿಯೂ ಎರಡನ್ನೂ ಬೇರೆ ಮಾಡಲಾರದು. ಕಸ ಹಿಡಿಯುವ ಕಣ್ಣು ಮೀನಿನ ಊಟವನ್ನೂ ಹಿಡಿಯುತ್ತದೆ.

ಹಾಗಾದರೆ ಕಡಲಿಗೆ ಸೇರುವ ಮೊದಲೇ ತಡೆಯಬೇಕು. ಆದರೆ 2025ರ ಆಗಸ್ಟಿನಲ್ಲಿ ಜಿನೀವಾದಲ್ಲಿ ನಡೆದ ಜಾಗತಿಕ ಪ್ಲಾಸ್ಟಿಕ್ ಒಪ್ಪಂದದ ಮಾತುಕತೆ ಒಮ್ಮತವಿಲ್ಲದೆ ಮುಗಿಯಿತು. ಉತ್ಪಾದನೆಗೇ ಮಿತಿ ಹಾಕಬೇಕೆಂದು ಅನೇಕ ದೇಶಗಳು ಪಟ್ಟು ಹಿಡಿದರೆ, ಕಸದ ನಿರ್ವಹಣೆ ಸಾಕೆಂದು ತೈಲ ದೇಶಗಳು ವಾದಿಸಿದವು. ನಾನು ಮಿತಿಯ ಪರ. ನಿರ್ವಹಣೆ ಮಾಡಲು ಕಸ ಕೈಗೆ ಸಿಗಬೇಕು. ರಸ್ತೆಯಲ್ಲಿ ಸವೆದ ಟಯರಿನ ಪುಡಿ, ಪಾಲಿಯೆಸ್ಟರ್ ಬಟ್ಟೆ ಒಗೆದ ನೀರಿನಲ್ಲಿ ಹೋಗುವ ಎಳೆ ಇವನ್ನು ಯಾವ ಊರಿನ ಕಸದ ಗಾಡಿ ಎತ್ತಿಕೊಂಡು ಹೋಗುತ್ತದೆ?