ಕಾಯಕ ನಿಲ್ಲಿಸುವ ಹಕ್ಕು

ನೂರು ವರ್ಷಗಳ ಹಿಂದೆ ಮದರಾಸಿನ ಪೆರಂಬೂರಿನಲ್ಲಿ, ಬಿನ್ನಿ ಕಂಪನಿಯ ಬಕಿಂಗ್‌ಹ್ಯಾಂ ಮತ್ತು ಕರ್ನಾಟಿಕ್ ಗಿರಣಿಗಳ ಆಸುಪಾಸಿನಲ್ಲಿ, ಶ್ರೀ ವೆಂಕಟೇಶ ಗುಣಾಮೃತವರ್ಷಿಣಿ ಸಭಾ ಎಂಬ ಭಕ್ತಮಂಡಳಿಯಿತ್ತು. ಸೆಲ್ವಪತಿ ಚೆಟ್ಟಿಯಾರ್ ಮತ್ತು ರಾಮಾನುಜುಲು ನಾಯ್ಡು ಅದನ್ನು ನಡೆಸುತ್ತಿದ್ದರು. ಅಲ್ಲಿಗೆ ಪ್ರವಚನ ಕೇಳಲು ಬರುತ್ತಿದ್ದ ಗಿರಣಿ ಕೆಲಸಗಾರರು ತಮ್ಮ ಗೋಳನ್ನೂ ತರುತ್ತಿದ್ದರು. ಊಟಕ್ಕೆ ಬಿಡುವ ಹೊತ್ತು ತೀರಾ ಕಡಿಮೆ, ತುತ್ತು ನುಂಗುವಷ್ಟರಲ್ಲಿ ಗೇಟು ಮುಚ್ಚುತ್ತದೆ ಎಂಬಂಥ ದೂರುಗಳು. ಕೇಳಿದ ಆ ಇಬ್ಬರು ಆನಿ ಬೆಸೆಂಟರ ‘ನ್ಯೂ ಇಂಡಿಯಾ’ ಪತ್ರಿಕೆಯಲ್ಲಿದ್ದ ಬಿ.ಪಿ. ವಾಡಿಯಾ ಅವರ ಬಳಿ ಹೋದರು. 1918ರ ಏಪ್ರಿಲ್ 27ರಂದು ಮದರಾಸ್ ಲೇಬರ್ ಯೂನಿಯನ್ ಹುಟ್ಟಿತು. ಭಾರತದಲ್ಲಿ ಆಧುನಿಕ ರೀತಿಯಲ್ಲಿ ಕಟ್ಟಿದ ಮೊದಲ ಕಾರ್ಮಿಕ ಸಂಘಗಳಲ್ಲಿ ಅದೂ ಒಂದು.

ವಾಡಿಯಾ ಥಿಯೊಸಾಫಿಸ್ಟ್. ಆತ್ಮ, ಕರ್ಮ, ವಿಶ್ವಭ್ರಾತೃತ್ವ ಇವೇ ಅವರ ಜೀವನದ ವಿಚಾರಗಳು. ಮುಂದೆ ಬೆಂಗಳೂರಿಗೆ ಬಂದು, 1945ರಲ್ಲಿ ಬಸವನಗುಡಿಯಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಕಟ್ಟಿದವರೂ ಅವರೇ. ಅಧ್ಯಾತ್ಮದ ಮಾತು ಮತ್ತು ಊಟದ ಬಿಡುವಿನ ಮಾತು ಅವರಿಗೆ ಬೇರೆ ಬೇರೆಯಾಗಿ ಕಾಣಲಿಲ್ಲ.

ಆದರೆ ನಮ್ಮ ನಾಡಿನಲ್ಲಿ ಈ ಎರಡನ್ನೂ ಬೇರೆ ಮಾಡಿ ನೋಡುವ ರೂಢಿ ಬಲವಾಗಿದೆ. ಸಂಘ ಕಟ್ಟುವುದು, ಬೇಡಿಕೆ ಇಡುವುದು, ಬೇಡಿಕೆ ಈಡೇರದಿದ್ದರೆ ಕೆಲಸ ನಿಲ್ಲಿಸುವುದು ಇವೆಲ್ಲ ರಾಜಕೀಯದವರ ಕೆಲಸ, ದುಡಿಮೆಯೋ ಪೂಜೆ. ಪೂಜೆಯನ್ನು ಅರ್ಧಕ್ಕೆ ಬಿಟ್ಟೇಳುವುದು ಧರ್ಮವೇ? ಕಾರ್ಖಾನೆಯ ಆಯುಧಪೂಜೆಯ ದಿನ ಮ್ಯಾನೇಜರು ಮಾಡುವ ಭಾಷಣದಲ್ಲಿ ಈ ಪ್ರಶ್ನೆ ಸುಳಿದು ಹೋಗುತ್ತದೆ. ಸಂಘಕ್ಕೆ ಸಹಿ ಹಾಕಲು ಹಿಂಜರಿಯುವ ಎಷ್ಟೋ ಪ್ರಾಮಾಣಿಕ ಕೆಲಸಗಾರರ ಮನಸ್ಸಿನಲ್ಲೂ ಇದೇ ಪ್ರಶ್ನೆ ಇರುತ್ತದೆ. ಅವರ ಹಿಂಜರಿಕೆಯನ್ನು ಬರೀ ಹೆದರಿಕೆ ಎಂದು ತಳ್ಳಿಹಾಕಬಾರದು. ಅದರಲ್ಲಿ ಒಂದು ಶ್ರದ್ಧೆಯೂ ಇದೆ.

ಆ ಶ್ರದ್ಧೆಯ ಮೂಲಕ್ಕೇ ಹೋಗಿ ನೋಡಬೇಕು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಕಾಯಕ ಎಂಬುದಕ್ಕೆ ತುಂಬ ಗಟ್ಟಿಯಾದ ಅರ್ಥವಿತ್ತು. ಹುಲ್ಲಿನ ಹಗ್ಗ ಹೊಸೆದು ಮಾರುತ್ತಿದ್ದ ನುಲಿಯ ಚಂದಯ್ಯನ ಕಥೆ ಎಲ್ಲರಿಗೂ ಗೊತ್ತು. ಹುಲ್ಲು ಕೊಯ್ಯುವಾಗ ಕೊರಳ ಲಿಂಗ ಜಾರಿ ನೀರಿಗೆ ಬಿದ್ದರೂ ಆತ ಕೆಲಸ ಬಿಡಲಿಲ್ಲ. ಕಾಯಕ ದೇವರಿಗಿಂತಲೂ ದೊಡ್ಡದು ಎಂಬುದಕ್ಕೆ ಈ ಕಥೆಯನ್ನು ಉಪನ್ಯಾಸಕರು ಹೇಳಿ ಅಲ್ಲಿಗೇ ನಿಲ್ಲಿಸುತ್ತಾರೆ. ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಕೊನೆಗೆ ಲಿಂಗವೇ ಹಗ್ಗ ಮಾರಲು ಹೋಗಿ, ಸಲ್ಲಬೇಕಾದ್ದಕ್ಕಿಂತ ಹೆಚ್ಚು ಹಣ ತರುತ್ತದೆ. ಚಂದಯ್ಯ ಅದನ್ನು ಒಪ್ಪುವುದಿಲ್ಲ. ಹಗ್ಗಕ್ಕೆ ತಕ್ಕ ಬೆಲೆ ಎಷ್ಟೋ ಅಷ್ಟೇ ಬರಬೇಕೆನ್ನುತ್ತಾನೆ. ಆಯ್ದಕ್ಕಿ ಲಕ್ಕಮ್ಮನದೂ ಇದೇ ಬಗೆ. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಇದ್ದಲ್ಲಿಗೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದವಳು ಅವಳು.

ಈ ಎರಡು ಕಥೆಗಳೂ ಒತ್ತಿ ಹೇಳುವುದು ದುಡಿಮೆಗೂ ಪ್ರತಿಫಲಕ್ಕೂ ಇರುವ ಸರಿಯಾದ ಅಳತೆಯನ್ನು. ಅಳತೆ ಮೀರಿ ಬಂದ ಹಣದಿಂದ ಕಾಯಕ ಮೈಲಿಗೆಯಾಗುತ್ತದೆ ಎಂದಾದರೆ, ಅಳತೆಗೆ ಕಡಿಮೆ ಕೊಟ್ಟಾಗಲೂ ಅದು ಮೈಲಿಗೆಯಾಗಲೇಬೇಕು. ಹೆಚ್ಚು ಬಂದದ್ದನ್ನು ಹಿಂದಿರುಗಿಸುವುದು ಶರಣನ ಹೊಣೆ. ಕಡಿಮೆ ಬಿದ್ದದ್ದನ್ನು ಕೇಳಿ ಪಡೆಯುವುದೂ ಅದೇ ಹೊಣೆಯ ಇನ್ನೊಂದು ಮಗ್ಗುಲು. ದಾಸೋಹ ಮಾಡಬೇಕಾದವನ ಕೈಗೆ ಬರುವುದನ್ನೇ ಕಿತ್ತುಕೊಂಡರೆ ಅವನು ದಾಸೋಹಕ್ಕೆ ಏನು ತಂದಾನು?

ಇನ್ನೂ ಒಂದು ವ್ಯತ್ಯಾಸವಿದೆ, ಅದು ಇಡೀ ವಾದದ ತಳಹದಿ. ಚಂದಯ್ಯನ ಹಗ್ಗ ಚಂದಯ್ಯನದು. ಅಂಬಿಗರ ಚೌಡಯ್ಯನ ಹುಟ್ಟು ಅವನ ಕೈಯಲ್ಲಿತ್ತು. ಎಷ್ಟು ಹೊತ್ತು ದುಡಿಯಬೇಕು, ಯಾವಾಗ ನಿಲ್ಲಿಸಬೇಕು, ಎಷ್ಟು ಬೆಲೆ ಕೇಳಬೇಕು ಎಂಬುದನ್ನು ಅವರೇ ತೀರ್ಮಾನಿಸಬಲ್ಲವರಾಗಿದ್ದರು. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಕಾರ್ಖಾನೆಯ ಟೈಲರ್‌ಗೆ ಇವುಗಳಲ್ಲಿ ಒಂದೂ ಇಲ್ಲ. ಮಿಷನ್ ಅವಳದಲ್ಲ, ಬಟ್ಟೆ ಅವಳದಲ್ಲ, ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ ಅವಳು ಹಾಕಿದ್ದಲ್ಲ. ಶೌಚಾಲಯಕ್ಕೆ ಎದ್ದು ಹೋಗಲೂ ಸೂಪರ್‌ವೈಸರ್‌ನ ಮುಖ ನೋಡಬೇಕು. ಕಾಯಕಕ್ಕೆ ಬೇಕಾದ ಸ್ವಾತಂತ್ರ್ಯವನ್ನೆಲ್ಲ ಕಳಚಿಟ್ಟು, ಕಾಯಕದ ನಿಷ್ಠೆಯನ್ನು ಮಾತ್ರ ಉಳಿಸಿಕೊಳ್ಳಿ ಎಂದು ಅವಳಿಗೆ ಹೇಳುವುದು ಶರಣರಿಗೆ ಮಾಡುವ ಅಪಚಾರ. ಒಬ್ಬಳೇ ನಿಂತು ಕೇಳಿದರೆ ನಾಳೆಯಿಂದ ಬರಬೇಡ ಎನ್ನುತ್ತಾರೆ. ಐನೂರು ಜನ ಸೇರಿ ಕೇಳಿದರೆ ಮಾತುಕತೆಗೆ ಕುರ್ಚಿ ಹಾಕಬೇಕಾಗುತ್ತದೆ. ಚಂದಯ್ಯನಿಗೆ ತನ್ನ ಹಗ್ಗದ ಮೇಲಿದ್ದ ಹಿಡಿತದ ಒಂದು ಪಾಲನ್ನಾದರೂ ಕಾರ್ಖಾನೆಯ ಕೆಲಸಗಾರರು ಮರಳಿ ಪಡೆಯಲು ಸಂಘವಲ್ಲದೆ ಬೇರೆ ದಾರಿ ಕಾಣುವುದಿಲ್ಲ.

ಸಂಘವಿಲ್ಲದ ಕಡೆ ಏನಾಗುತ್ತದೆ ಎಂಬುದನ್ನು ಕರ್ನಾಟಕ ಎರಡು ಸಲ ಕಣ್ಣಾರೆ ಕಂಡಿದೆ. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಭವಿಷ್ಯ ನಿಧಿಯ ನಿಯಮ ಬದಲಿಸಿ, ಮಾಲೀಕರ ಪಾಲಿನ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದಿತು. ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರ ಸಾವಿರ ಸಂಖ್ಯೆಯಲ್ಲಿ ಹೊಸೂರು ರಸ್ತೆಗೆ, ತುಮಕೂರು ರಸ್ತೆಗೆ ಇಳಿದರು. ಯಾವ ಸಂಘವೂ ಕರೆ ಕೊಟ್ಟಿರಲಿಲ್ಲ. ಎರಡೇ ದಿನದಲ್ಲಿ ನಿಯಮ ವಾಪಸಾಯಿತು. ಅದು ಆ ಹೆಣ್ಣುಮಕ್ಕಳ ಗೆಲುವು, ದೇಶದ ಲಕ್ಷಾಂತರ ಕೆಲಸಗಾರರಿಗೆ ಅದರ ಫಲ ಸಿಕ್ಕಿತು. ಆದರೆ ಬಸ್ಸುಗಳು ಸುಟ್ಟವು, ಲಾಠಿ ಬೀಸಿತು, ಎಷ್ಟೋ ಜನ ಜೈಲು ಸೇರಿದರು. 2020ರ ಡಿಸೆಂಬರ್ 12ರಂದು ಕೋಲಾರದ ನರಸಾಪುರದಲ್ಲಿ, ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ, ಸಂಬಳದ ಸಿಟ್ಟು ಗಾಜು ಒಡೆಯುವುದರಲ್ಲಿ ಹೊರಬಿತ್ತು. ಅಲ್ಲಿ ಹೆಚ್ಚಿನವರು ಗುತ್ತಿಗೆ ಕೆಲಸಗಾರರು. ದೂರು ಹೇಳಿಕೊಳ್ಳಲು ಅವರದೆಂಬ ಒಂದು ವೇದಿಕೆ ಇದ್ದಿದ್ದರೆ ಆ ಬೆಳಗು ಬೇರೆ ಥರ ಇರುತ್ತಿತ್ತು. ಸಂಘ ಬಂದರೆ ಗಲಾಟೆ ಬರುತ್ತದೆ ಎನ್ನುವವರು ಈ ಎರಡು ಘಟನೆಗಳನ್ನು ಎದುರಿಗಿಟ್ಟುಕೊಂಡು ಯೋಚಿಸಬೇಕು.

ಸಂಘ ಕಟ್ಟುವುದು ಬಹಳ ನಿಧಾನದ ಕೆಲಸ. ಅದು ಗೇಟಿನ ಮುಂದಿನ ಘೋಷಣೆಯಿಂದ ಶುರುವಾಗುವುದಿಲ್ಲ. ಕಂಪನಿ ಬಸ್ಸಿನಲ್ಲಿ, ಕ್ಯಾಂಟೀನಿನಲ್ಲಿ, ಭಾನುವಾರ ಯಾರದೋ ಬಾಡಿಗೆ ಕೋಣೆಯಲ್ಲಿ ನಾಲ್ಕು ಜನ ಕೂತು ‘ನಿನ್ನ ಲೈನಿನಲ್ಲಿ ಹೇಗೆ, ನಮ್ಮದರಲ್ಲಿ ಹೀಗೆ’ ಎಂದು ಮಾತಾಡಿಕೊಳ್ಳುವುದರಿಂದ ಶುರುವಾಗುತ್ತದೆ. ಪ್ರತಿ ವಿಭಾಗದಲ್ಲೂ ಉಳಿದವರು ನಂಬುವ ಒಬ್ಬರು ಯಾರೆಂದು ಹುಡುಕಬೇಕು. ಜೋರಾಗಿ ಮಾತಾಡುವವರು ಬೇರೆ, ಕಷ್ಟ ಬಂದಾಗ ಎಲ್ಲರೂ ಹುಡುಕಿಕೊಂಡು ಹೋಗುವವರು ಬೇರೆ. ಆಮೇಲೆ ಬೇಡಿಕೆ ಪಟ್ಟಿ, ನಿಯಮಾವಳಿ, ಪದಾಧಿಕಾರಿಗಳ ಆಯ್ಕೆ, ಚಂದಾ, ರಸೀದಿ. ಕಾನೂನಿನ ಪ್ರಕಾರ ಕನಿಷ್ಠ ಏಳು ಜನ ಸದಸ್ಯರು ಸಹಿ ಹಾಕಿ ನೋಂದಣಾಧಿಕಾರಿಗೆ ಅರ್ಜಿ ಕೊಡಬಹುದು. ಆ ಸಂಸ್ಥೆಯ ಕೆಲಸಗಾರರಲ್ಲಿ ಹತ್ತನೇ ಒಂದು ಪಾಲು ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟು, ಸದಸ್ಯರಿರಬೇಕು. ಸಂಘ ಕಟ್ಟುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ಮದರಾಸಿನ ಸಂಘದ ಮೇಲೆ ಬಿನ್ನಿ ಕಂಪನಿ ಹೈಕೋರ್ಟಿನಲ್ಲಿ ದಾವೆ ಹೂಡಿ ವಾಡಿಯಾ ವಿರುದ್ಧ ತಡೆಯಾಜ್ಞೆ ತಂದಿತ್ತು. ಅಂಥ ದಾವೆಗಳಿಂದ ಸಂಘಗಳಿಗೆ ರಕ್ಷಣೆ ಕೊಟ್ಟದ್ದು 1926ರ ಕಾರ್ಮಿಕ ಸಂಘಗಳ ಕಾಯ್ದೆ. ಈಗ ಅದರ ಜಾಗಕ್ಕೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ, 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಶೇಕಡಾ 51ರಷ್ಟು ಬೆಂಬಲವಿದ್ದ ಸಂಘಕ್ಕೆ ಮಾತುಕತೆಯ ಏಕೈಕ ಅಧಿಕಾರ, ಮುಷ್ಕರಕ್ಕೆ 14 ದಿನ ಮೊದಲೇ ನೋಟಿಸ್, ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಜನ ಒಟ್ಟಿಗೆ ಸಾಂದರ್ಭಿಕ ರಜೆ ಹಾಕಿದರೆ ಅದೂ ಮುಷ್ಕರವೇ ಎಂಬುದೆಲ್ಲ ಅದರಲ್ಲಿದೆ. ಹೊಸದಾಗಿ ಸಂಘ ಕಟ್ಟುವವರು ಇದನ್ನು ಓದಿಕೊಂಡೇ ಹೊರಡಬೇಕು.

ಹಾಗಿದ್ದರೆ ಯಾವ ಮುಷ್ಕರ ಧರ್ಮ, ಯಾವುದು ಅಲ್ಲ? ಮದರಾಸಿನಲ್ಲಿ ಸಂಘ ಹುಟ್ಟಿದ ವರ್ಷವೇ ಅಹಮದಾಬಾದಿನಲ್ಲಿ ಗಾಂಧಿ ಈ ಪ್ರಶ್ನೆಗೆ ಎದುರಾದರು. ಅಲ್ಲಿನ ಗಿರಣಿಗಳಲ್ಲಿ ಪ್ಲೇಗಿನ ಕಾಲಕ್ಕೆಂದು ಕೊಡುತ್ತಿದ್ದ ಭತ್ಯೆ ನಿಂತಿತ್ತು. ಕೆಲಸಗಾರರು ಶೇಕಡಾ 50 ಹೆಚ್ಚಳ ಕೇಳಿದರು, ಮಾಲೀಕರು 20 ಎಂದರು. ಗಾಂಧಿ ಲೆಕ್ಕ ಹಾಕಿ ನೋಡಿ, 35 ನ್ಯಾಯವಾದದ್ದು ಎಂದು ಕೆಲಸಗಾರರನ್ನೇ ಕೆಳಗಿಳಿಸಿದರು. ತಕ್ಕ ಬೆಲೆ ಎಷ್ಟೋ ಅಷ್ಟೇ ಎಂಬ ಚಂದಯ್ಯನ ಅಳತೆ ಇದೇ. ಮಾಲೀಕರ ಮುಂದಾಳು ಅಂಬಾಲಾಲ್ ಸಾರಾಭಾಯಿ, ಕೆಲಸಗಾರರ ಪರ ನಿಂತವರು ಅವರ ಸ್ವಂತ ಅಕ್ಕ ಅನಸೂಯಾ. ಹಿಂಸೆ ಮಾಡಬಾರದು, ಕೆಲಸಕ್ಕೆ ಹೋಗುವವರನ್ನು ಕಾಡಬಾರದು, ಭಿಕ್ಷೆಯ ಮೇಲೆ ಬದುಕಬಾರದು, ಮುಷ್ಕರ ಎಷ್ಟು ದಿನ ನಡೆದರೂ ಬೇರೆ ಪ್ರಾಮಾಣಿಕ ದುಡಿಮೆಯಿಂದ ಹೊಟ್ಟೆ ಹೊರೆಯಬೇಕು ಎಂಬುದು ಗಾಂಧಿಯ ಷರತ್ತು. ಹಾಗೆಯೇ ಗಿರಣಿ ಬಿಟ್ಟವರು ಸಾಬರಮತಿ ಆಶ್ರಮದಲ್ಲಿ ಕಟ್ಟುತ್ತಿದ್ದ ನೇಯ್ಗೆ ಶಾಲೆಯ ತಳಪಾಯಕ್ಕೆ ಮರಳು ಹೊತ್ತರು. ಕೆಲಸ ನಿಲ್ಲಿಸಿದವರು ಕೆಲಸದ ಮೇಲಿನ ಗೌರವವನ್ನು ಬಿಟ್ಟಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಜನ ಸೋಲತೊಡಗಿದಾಗ ಮಾರ್ಚ್ 15ರಂದು ಗಾಂಧಿ ಉಪವಾಸ ಕೂತರು, ಮೂರು ದಿನದಲ್ಲಿ ರಾಜಿಯಾಯಿತು. ಆ ಉಪವಾಸ ಮಾಲೀಕರ ಮೇಲೆ ಒತ್ತಡ ಹೇರಿತು, ಆದ್ದರಿಂದ ಅದರಲ್ಲಿ ದೋಷವಿತ್ತು ಎಂದು ಅವರೇ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಮಹಾದೇವ ದೇಸಾಯಿ ಈ ಹೋರಾಟದ ಬಗ್ಗೆ ಬರೆದ ಪುಸ್ತಕದ ಹೆಸರು ‘ಏಕ್ ಧರ್ಮಯುದ್ಧ’.

ಅಂಬೇಡ್ಕರ್ ಇನ್ನೂ ಆಳಕ್ಕೆ ಹೋದರು. 1938ರಲ್ಲಿ ಮುಂಬಯಿಯ ಕಾಂಗ್ರೆಸ್ ಸರ್ಕಾರ ಮುಷ್ಕರಗಳಿಗೆ ಕಡಿವಾಣ ಹಾಕುವ ಕೈಗಾರಿಕಾ ವಿವಾದ ಮಸೂದೆ ತಂದಾಗ, ಮುಷ್ಕರದ ಹಕ್ಕು ಸ್ವಾತಂತ್ರ್ಯದ ಹಕ್ಕೇ ಆಗಿದೆ, ಇಷ್ಟವಿಲ್ಲದವನಿಂದ ಕೆಲಸ ಮಾಡಿಸುವುದು ಗುಲಾಮಗಿರಿ ಎಂದು ಶಾಸನಸಭೆಯಲ್ಲಿ ವಾದಿಸಿದರು. ನವೆಂಬರ್ 7ರಂದು ಮುಷ್ಕರಕ್ಕೇ ಇಳಿದರು. ಅದೇ ಅಂಬೇಡ್ಕರ್ ಹತ್ತು ವರ್ಷ ಮುಂಚೆ, 1928ರ ಮುಂಬಯಿ ಗಿರಣಿ ಮುಷ್ಕರದ ಹೊತ್ತಿನಲ್ಲಿ, ಸಂಘದ ನಾಯಕರನ್ನು ಒಂದು ನೇರ ಪ್ರಶ್ನೆ ಕೇಳಿದ್ದರು. ಹೆಚ್ಚು ಸಂಬಳದ ನೇಯ್ಗೆ ವಿಭಾಗಕ್ಕೆ ಅಸ್ಪೃಶ್ಯರನ್ನು ಸೇರಿಸುತ್ತಿರಲಿಲ್ಲ, ಏಕೆಂದರೆ ಲಾಳಿಗೆ ಹೊಸ ನೂಲು ಪೋಣಿಸುವಾಗ ಬಾಯಿಂದ ಹೀರಬೇಕಿತ್ತು. ಆ ಎಂಜಲಿನ ಮೈಲಿಗೆಯನ್ನು ಇಟ್ಟುಕೊಂಡವರು ಕಾರ್ಮಿಕರ ಒಗ್ಗಟ್ಟಿನ ಮಾತನ್ನು ಯಾವ ಬಾಯಿಂದ ಆಡುತ್ತಾರೆ? ಮದರಾಸಿನ ಸಂಘ ಕುಸಿದದ್ದೂ ಇಲ್ಲೇ. 1921ರ ಮುಷ್ಕರದಲ್ಲಿ ಆದಿದ್ರಾವಿಡ ಕೆಲಸಗಾರರಲ್ಲಿ ಬಹಳ ಜನ ಗಿರಣಿಗೆ ಮರಳಿದರು, ಪುಳಿಯಂತೋಪಿನಲ್ಲಿ ಗಲಭೆಯಾಗಿ ಮನೆಗಳು ಸುಟ್ಟವು, ಸಂಘ ಜಾತಿಯ ಗೆರೆಯಲ್ಲೇ ಒಡೆಯಿತು. ಮಾದಾರ ಚನ್ನಯ್ಯ, ಡೋಹರ ಕಕ್ಕಯ್ಯರನ್ನು ಹಿರಿಯರೆಂದು ಒಪ್ಪಿದ ಕಲ್ಯಾಣದ ಪರೀಕ್ಷೆಯಲ್ಲಿ ಅಂಥ ಸಂಘ ತೇರ್ಗಡೆಯಾಗುವುದಿಲ್ಲ. ಇಂದಿನ ಕಾಯಂ ನೌಕರರ ಸಂಘಗಳು ಗುತ್ತಿಗೆಯವರನ್ನು ಹೊರಗಿಟ್ಟಾಗಲೂ ಇದೇ ಮಾತು ಅನ್ವಯಿಸುತ್ತದೆ.

ಉಳಿದದ್ದು ಸೇವೆಯ ಪ್ರಶ್ನೆ. ರೋಗಿ ಇದ್ದಾನೆ, ಮಗು ಇದೆ, ಬೀದಿಯಲ್ಲಿ ಕಸವಿದೆ. ಇಲ್ಲಿ ಕೆಲಸ ನಿಲ್ಲಿಸಿದರೆ ನರಳುವವರು ಮಾಲೀಕರಲ್ಲ. ಇದು ನಿಜವಾದ ಆಕ್ಷೇಪ. 2003ರಲ್ಲಿ ತಮಿಳುನಾಡು ನೌಕರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸರ್ಕಾರಿ ನೌಕರರಿಗೆ ಮುಷ್ಕರ ಮಾಡುವ ನೈತಿಕ ಹಕ್ಕೂ ಇಲ್ಲ ಎಂದಿತು. ಆದರೆ 2025ರ ಜನವರಿಯ ಚಳಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಕಳೆದದ್ದು ಏಕೆ? ತಿಂಗಳಿಗೆ ನಿಶ್ಚಿತವಾದ ಒಂದು ಮೊತ್ತಕ್ಕಾಗಿ. ಹತ್ತು ಸಾವಿರ ರೂಪಾಯಿಯ ಭರವಸೆ ಸಿಕ್ಕ ಮೇಲೆ ಅವರು ಊರಿಗೆ ಮರಳಿದರು. ಬೆಂಗಳೂರಿನ ಕಾಯಂ ಅಲ್ಲದ ಪೌರಕಾರ್ಮಿಕರು ವರ್ಷಗಟ್ಟಲೆ ಸಂಘಟಿತರಾಗಿ ಹೋರಾಡಿ, 2022ರ ಜುಲೈನಲ್ಲಿ ಪೊರಕೆ ಕೆಳಗಿಟ್ಟು ಕೂತರು. 2025ರ ಮೇ 1ರಂದು 12,692 ಜನರ ಕೈಗೆ ನೇಮಕಾತಿ ಪತ್ರ ಬಂತು. ಕೋವಿಡ್ ಕಾಲದಲ್ಲಿ ಇವರ ಮೇಲೆ ಹೂವೆರಚಿದ ನಾಡು, ಸಂಬಳದ ಮಾತು ಬಂದಾಗ ತಡಮಾಡಿತು. ಸೇವೆ ಪವಿತ್ರವಾದದ್ದು ಎಂದಾದರೆ ಆ ಪಾವಿತ್ರ್ಯದ ವೆಚ್ಚವನ್ನು ಬಡವರ ಮನೆಯ ಹೆಣ್ಣುಮಗಳೊಬ್ಬಳೇ ಏಕೆ ಹೊರಬೇಕು? ತುರ್ತು ಕೆಲಸ ನಿಲ್ಲದಂತೆ ನೋಡಿಕೊಳ್ಳುವುದು ಸಂಘದ ಹೊಣೆ ಹೌದು. ಆದರೆ ಮುಷ್ಕರದವರೆಗೆ ತಳ್ಳದಿರುವುದು ಕೆಲಸ ಕೊಟ್ಟವರ ಹೊಣೆ, ಮತ್ತು ಅದು ಮೊದಲು ಬರುತ್ತದೆ.

ಈ ವಿಷಯದಲ್ಲಿ ದೇಶಕ್ಕೆ ದಾರಿ ತೋರಿಸಿದ ತೀರ್ಪು ಹುಟ್ಟಿದ್ದು ಬೆಂಗಳೂರಿನ ಜಲಮಂಡಳಿಯ ಪ್ರಕರಣದಿಂದ. 1978ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅದನ್ನು ಬರೆದರು. ಆಸ್ಪತ್ರೆ, ಶಾಲೆ, ದತ್ತಿ ಸಂಸ್ಥೆಗಳಲ್ಲಿ ಕೂಡ ವ್ಯವಸ್ಥಿತವಾಗಿ ಕೆಲಸ ನಡೆಯುತ್ತಿದ್ದರೆ ಅವು ಉದ್ಯಮವೇ, ಕೈಗಾರಿಕಾ ಕಾನೂನು ಅಲ್ಲಿನ ಕೆಲಸಗಾರರಿಗೂ ಅನ್ವಯಿಸುತ್ತದೆ ಎಂದರು. ಶುದ್ಧ ಧಾರ್ಮಿಕ ಸೇವೆಯನ್ನು ಹೊರಗಿಟ್ಟರು. ಆದರೆ ದೊಡ್ಡ ಪ್ರಮಾಣದಲ್ಲಿ ಪ್ರಸಾದ ತಯಾರಿಸುವುದು ಉದ್ಯಮದೊಳಗೇ ಬರುತ್ತದೆ ಎಂದು ಸ್ಪಷ್ಟಪಡಿಸಿದರು. ಪ್ರಸಾದ ದೇವರದು, ಒಲೆಯ ಮುಂದೆ ಬೇಯುವವನು ಕೆಲಸಗಾರ ಎಂಬ ಈ ವಿವೇಕ ಯಾವ ಧರ್ಮಗ್ರಂಥಕ್ಕೂ ಕಡಿಮೆಯದಲ್ಲ. ಹೊಸ ಸಂಹಿತೆ ದತ್ತಿ ಮತ್ತು ಸಮಾಜಸೇವಾ ಸಂಸ್ಥೆಗಳನ್ನು ಉದ್ಯಮದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಇದು ಹಿಂದಕ್ಕಿಟ್ಟ ಹೆಜ್ಜೆ.

ಕರ್ನಾಟಕದಲ್ಲಿ ಮಠಗಳು, ದೇವಸ್ಥಾನಗಳು, ಚರ್ಚುಗಳು, ಧಾರ್ಮಿಕ ಟ್ರಸ್ಟುಗಳು ನೂರಾರು ಕಾಲೇಜು, ಆಸ್ಪತ್ರೆ, ಹಾಸ್ಟೆಲುಗಳನ್ನು ನಡೆಸುತ್ತಿವೆ. ಅಲ್ಲಿ ನರ್ಸುಗಳಿದ್ದಾರೆ, ಅಡುಗೆಯವರಿದ್ದಾರೆ, ಡ್ರೈವರುಗಳಿದ್ದಾರೆ, ಅತಿಥಿ ಉಪನ್ಯಾಸಕರಿದ್ದಾರೆ. ಬಸವ ಜಯಂತಿಯ ವೇದಿಕೆಯಲ್ಲಿ ಕಾಯಕದ ಬಗ್ಗೆ ಮಾತಾಡುವ ಆಡಳಿತ ಮಂಡಳಿಗಳು, ಕಾನೂನು ಒತ್ತಾಯಿಸಲಿ ಬಿಡಲಿ, ತಮ್ಮ ನೌಕರರು ಕಟ್ಟಿಕೊಳ್ಳುವ ಸಂಘವನ್ನು ತಾವಾಗಿಯೇ ಗುರುತಿಸಿ, ವರ್ಷಕ್ಕೊಮ್ಮೆಯಾದರೂ ಅದರ ಪ್ರತಿನಿಧಿಗಳನ್ನು ಎದುರಿಗೆ ಕೂರಿಸಿಕೊಂಡು ಸಂಬಳದ ಲೆಕ್ಕ ಒಪ್ಪಿಸಲಿ.