ಬೆಳೆ ಪರಿಹಾರ: ದಾನವೋ, ಋಣವೋ?

2023ರ ಮುಂಗಾರು ಕೈಕೊಟ್ಟಾಗ ಕರ್ನಾಟಕ ಸರ್ಕಾರ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು. ಕೇಂದ್ರದಿಂದ 18,171 ಕೋಟಿ ರೂಪಾಯಿ ಕೇಳಿ, ಕಾದು, ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2024ರ ಏಪ್ರಿಲ್ ಕೊನೆಗೆ ಬಂದದ್ದು ಸುಮಾರು 3,450 ಕೋಟಿ. ಯಾರು ಎಷ್ಟು ಕೊಟ್ಟರೆಂಬ ಜಗಳದಲ್ಲಿ ಅದಕ್ಕೂ ಮೊದಲಿನ ಪ್ರಶ್ನೆಯೊಂದು ಉಳಿದೇ ಹೋಯಿತು: ಈ ಹಣ ಪ್ರಭುತ್ವ ಮಾಡುವ ದಾನವೋ, ತೀರಿಸಬೇಕಾದ ಋಣವೋ? ದಾನವಾದರೆ ಎಷ್ಟು, ಯಾವಾಗ, ಯಾರಿಗೆ ಎಂಬುದು ಕೊಡುವವನ ಇಷ್ಟ. ಋಣವಾದರೆ ಪಡೆಯುವವನ ಹಕ್ಕು. ಅದು ಋಣವೆಂದೇ ನನ್ನ ವಾದ. ಹಾಗೆಂದು ಒಪ್ಪಿದರೆ ಅದು ಯಾರ ಕೈ ಸೇರಬೇಕೆಂಬ ಉತ್ತರವೂ ಬದಲಾಗಬೇಕು.

ಈ ವಾದ ಹೊಸತಲ್ಲ. ಪ್ರಜೆಗಳ ಆದಾಯದ ಆರನೇ ಒಂದು ಪಾಲನ್ನು ರಾಜನಿಗೆ ಸಲ್ಲುವ ರಕ್ಷಣೆಯ ಸಂಬಳವೆಂದು ಬೌಧಾಯನ ಧರ್ಮಸೂತ್ರ ಬಗೆಯುತ್ತದೆ. ಕಳುವಾದ ಸ್ವತ್ತನ್ನು ಹುಡುಕಿಕೊಡಲಾಗದ ರಾಜ ಬೊಕ್ಕಸದಿಂದ ತುಂಬಿಕೊಡಬೇಕೆಂದು ಗೌತಮ ಧರ್ಮಸೂತ್ರ ವಿಧಿಸುತ್ತದೆ. ಬರಗಾಲದಲ್ಲಿ ಬಿತ್ತನೆ ಬೀಜ, ಆಹಾರ ಒದಗಿಸುವುದನ್ನು ಕೌಟಿಲ್ಯ ರಾಜನ ಕೆಲಸಗಳಲ್ಲೇ ಸೇರಿಸುತ್ತಾನೆ. ಕಳ್ಳನನ್ನು ತಡೆಯಬಹುದು, ಮಳೆಯನ್ನು ತರಿಸಲಾದೀತೇ, ದೈವದ ತಪ್ಪಿಗೆ ಸರ್ಕಾರ ಏಕೆ ದಂಡ ತೆರಬೇಕು ಎಂದು ಕೇಳುವವರಿದ್ದಾರೆ. ಆಕ್ಷೇಪ ಸಣ್ಣದಲ್ಲ. ಆದರೆ ನಷ್ಟವನ್ನು ಹೊತ್ತವರು ಯಾರು ಎಂಬುದನ್ನು ದೈವ ಒಂದೇ ತೀರ್ಮಾನಿಸಲಿಲ್ಲ. ಬೆಳೆ ಕುಸಿದಾಗ ಬೆಲೆ ಏರಿ, ಉಳಿದ ಫಸಲಿಗಾದರೂ ನಾಲ್ಕು ಕಾಸು ಹೆಚ್ಚು ಸಿಗಬೇಕು. ಆದರೆ ಅದೇ 2023ರ ಜುಲೈಯಲ್ಲಿ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನೂ ಡಿಸೆಂಬರಿನಲ್ಲಿ ಈರುಳ್ಳಿಯ ರಫ್ತನ್ನೂ ಕೇಂದ್ರ ನಿಷೇಧಿಸಿತು. ಉಣ್ಣುವವರ ಹಿತಕ್ಕಾಗಿ ಬೆಲೆಗೆ ಕಡಿವಾಣ ಹಾಕಿದ ಮೇಲೆ, ಬೆಳೆದವನ ನಷ್ಟದಲ್ಲಿ ಉಂಡವರಿಗೂ ಪಾಲಿದೆ. ಪರಿಹಾರವೆಂದರೆ ಆ ಪಾಲನ್ನು ತೀರಿಸುವುದು.

ಋಣ ತೀರಿಸುವವನು ಸಾಲ ಕೊಟ್ಟವನನ್ನು ಹುಡುಕಬೇಕು. ನಮ್ಮ ವ್ಯವಸ್ಥೆ ಹುಡುಕುವುದು ಪಹಣಿಯಲ್ಲಿರುವ ಹೆಸರನ್ನು. 2023ರ ಬರದ ಹೊತ್ತಿನ ನಿಯಮದಂತೆ ಮೂರನೇ ಒಂದು ಭಾಗ ಅಥವಾ ಅದಕ್ಕಿಂತ ಹೆಚ್ಚು ಬೆಳೆ ಹಾಳಾದರೆ ಮಳೆಯಾಶ್ರಿತ ಹೆಕ್ಟೇರಿಗೆ 8,500 ರೂಪಾಯಿ ಪರಿಹಾರವಿತ್ತು, ಅದೂ ಎರಡು ಹೆಕ್ಟೇರಿಗೆ ಮಿತಿ. ಪರಿಹಾರದ ಹಣ ಹೋಗುವುದು ಫ್ರೂಟ್ಸ್ ಎಂಬ ರೈತ ನೋಂದಣಿ ದಾಖಲೆಯಲ್ಲಿರುವ ಖಾತೆದಾರನಿಗೆ. ಲಾವಣಿಗೆ, ಕೋರಿಗೆ ಹೊಲ ಹಿಡಿದು ಬೀಜ, ಗೊಬ್ಬರಕ್ಕೆ ಸಾಲ ಮಾಡಿದವನ ಹೆಸರು ಅಲ್ಲಿಲ್ಲ. ಪೌತಿ ಖಾತೆಯಾಗದೆ ಮಾವನ ಹೆಸರಿನಲ್ಲೇ ಉಳಿದ ಹೊಲ ಉಳುವ ವಿಧವೆಯ ಹೆಸರೂ ಇಲ್ಲ. ಹನ್ನೆರಡನೇ ಶತಮಾನದ ಶರಣರು ಮನುಷ್ಯನ ಬೆಲೆಯನ್ನು ಹುಟ್ಟಿನಿಂದ ಬಿಡಿಸಿ ಕಾಯಕದಲ್ಲಿ ನೆಲೆಗೊಳಿಸಿದ ನಾಡಿನಲ್ಲಿ, ಕಾಯಕ ಮಾಡಿದವನನ್ನು ಬಿಟ್ಟು ಕಾಗದ ಇದ್ದವನಿಗೆ ಕೊಡುವುದು ಅಧರ್ಮ.

ಕಾಗದ ಬಿಟ್ಟರೆ ಮೋಸಕ್ಕೆ ದಾರಿಯಾಗದೇ ಎಂಬ ಅಂಜಿಕೆ ನಿಜವಾದದ್ದು. ಹಾಗೆಂದು ಕಾಗದ ಮಾಡಿಸೋಣವೆಂದರೆ, ಕರ್ನಾಟಕದ 1974ರ ಭೂಸುಧಾರಣೆ ತಿದ್ದುಪಡಿ ಗೇಣಿಯನ್ನು ನಿಷೇಧಿಸಿದ್ದರಿಂದ, ಕರಾರು ಬರೆದುಕೊಟ್ಟರೆ ಹೊಲವೇ ಕೈತಪ್ಪೀತೆಂದು ಒಡೆಯ ಹೆದರುತ್ತಾನೆ. ಆಂಧ್ರಪ್ರದೇಶದ 2019ರ ಕಾಯ್ದೆ ಒಡೆತನಕ್ಕೆ ಧಕ್ಕೆಯಿಲ್ಲದ 11 ತಿಂಗಳ ಕರಾರಿನ ಮೇಲೆ ಸಾಗುವಳಿದಾರನನ್ನು ಗುರುತಿಸುತ್ತದೆ. ಒಡೆಯನ ಒಪ್ಪಿಗೆ ಬೇಕೆಂಬುದು ಅದರ ಕೊರತೆ. ಆದರೂ ದಾರಿ ಇದೆಯೆಂಬುದಕ್ಕೆ ಅದು ಸಾಕ್ಷಿ. ನಮ್ಮಲ್ಲಿ ಪ್ರತಿ ಹಂಗಾಮಿಗೂ ಬೆಳೆ ಸಮೀಕ್ಷೆ ನಡೆಯುತ್ತದೆ. ಯಾವ ಬೆಳೆ ಎಂದು ಬರೆದುಕೊಳ್ಳುವವರು ಬೆಳೆದವರು ಯಾರೆಂದೂ ಬರೆದುಕೊಳ್ಳಲಿ. ಗ್ರಾಮಸಭೆಯಲ್ಲಿ ಓದಿ ಹೇಳಲಿ. ಯಾರ ಹೊಲವನ್ನು ಯಾರು ಉಳುತ್ತಾರೆಂಬುದು ಊರಿಗೆ ಗೊತ್ತು. ಊರಿಗೆ ಗೊತ್ತಿರುವುದನ್ನು ಸರ್ಕಾರ ಗೊತ್ತುಮಾಡಿಕೊಳ್ಳದಿರುವವರೆಗೆ ಋಣ ತೀರಿತೆಂದು ಹೇಳುವ ಅಧಿಕಾರ ಅದಕ್ಕಿಲ್ಲ.