ಗೊತ್ತಿರಲಿಲ್ಲ ಎಂದರೆ ಸಾಕೇ?



ಪಾಪನಿವೇದನೆಗೆ ಸಿದ್ಧರಾಗುವಾಗ ನಾವು ಮಾಡಿದ ತಪ್ಪುಗಳನ್ನು ನೆನೆಯುತ್ತೇವೆ. ತಿಳಿದುಕೊಳ್ಳಲು ಮನಸ್ಸು ಮಾಡದೆ ಬಿಟ್ಟದ್ದನ್ನು ನೆನೆಯುವುದು ಅಪರೂಪ. ‘ನನಗೆ ಗೊತ್ತಿರಲಿಲ್ಲ’ ಎಂಬ ಮಾತು ಎಲ್ಲ ತಪ್ಪನ್ನೂ ತೊಳೆಯುತ್ತದೆಯೇ? ಜಪಾನಿನ ಕಡಲತೀರದ ಊರಾದ ಮಿನಾಮಾಟಾದಲ್ಲಿ ನಡೆದದ್ದನ್ನು ಕೇಳಿ.

ಅಲ್ಲಿನ ಚಿಸ್ಸೊ ಕಂಪನಿಯ ರಾಸಾಯನಿಕ ಕಾರ್ಖಾನೆ 1932ರಿಂದ ಪಾದರಸ ಬೆರೆತ ಕೊಳಚೆ ನೀರನ್ನು ಕಡಲಿಗೆ ಬಿಡುತ್ತಿತ್ತು. ವಿಷವು ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಸೇರುತ್ತ, ಹೆಚ್ಚುತ್ತ, ಕೊನೆಗೆ ಬೆಸ್ತರ ಊಟದ ತಟ್ಟೆಗೆ ಬಂತು. ಬೆಕ್ಕುಗಳು ಹುಚ್ಚೆದ್ದು ಸತ್ತವು. ಮನುಷ್ಯರ ಕೈಕಾಲು ನಡುಗಿದವು, ಮಾತು ತೊದಲಿತು, ದೃಷ್ಟಿ ಕುಂದಿತು. ತಾಯಿ ತಿಂದ ಮೀನಿನ ವಿಷ ಗರ್ಭದ ಶಿಶುವನ್ನೂ ತಟ್ಟಿತು. ಇದು ಅಂಟುರೋಗವೆಂದು ಹೆದರಿ ನೆರೆಹೊರೆಯವರು ಆ ಮನೆಗಳನ್ನು ದೂರವಿಟ್ಟರು. ಬೆಸ್ತರ ಮೀನನ್ನು ಕೊಳ್ಳುವವರಿಲ್ಲದಾಯಿತು.

1956ರಲ್ಲಿ ಈ ರೋಗವನ್ನು ಅಧಿಕಾರಿಗಳಿಗೆ ತಿಳಿಸಿದವರು ಕಾರ್ಖಾನೆಯ ಆಸ್ಪತ್ರೆಯ ವೈದ್ಯರಾದ ಹಜಿಮೆ ಹೊಸೊಕಾವಾ. 1959ರಲ್ಲಿ ಅವರು ಕಾರ್ಖಾನೆಯ ಕೊಳಚೆ ನೀರನ್ನು ಆಹಾರದಲ್ಲಿ ಬೆರೆಸಿ ಒಂದು ಬೆಕ್ಕಿಗೆ ತಿನ್ನಿಸಿದರು. ಅದಕ್ಕೂ ಅದೇ ರೋಗ ಬಂತು. ಕಂಪನಿ ಆ ಸಂಗತಿಯನ್ನು ಮುಚ್ಚಿಟ್ಟಿತು. ಅದೇ ವರ್ಷದ ಕೊನೆಗೆ ರೋಗಿಗಳಿಗೆ ಅಲ್ಪಸ್ವಲ್ಪ ಹಣ ಕೊಟ್ಟು, ಮುಂದೆ ಪರಿಹಾರ ಕೇಳುವುದಿಲ್ಲವೆಂದು ಬರೆಸಿಕೊಂಡಿತು. ವಿಷ ಹರಿಯುವುದು ನಿಂತದ್ದು 1968ರಲ್ಲಿ.

ಆರಂಭದಲ್ಲಿ ತಿಳಿದಿರಲಿಲ್ಲವೆಂದು ಒಪ್ಪೋಣ. ಆದರೆ 1959ರ ನಂತರ? ತಿಳಿಯಲು ಸಾಧ್ಯವೇ ಇಲ್ಲದ ಅಜ್ಞಾನಕ್ಕೆ ಕ್ಷಮೆಯುಂಟು. ಬೇಕೆಂದೇ ಕಣ್ಣು ಮುಚ್ಚಿಕೊಂಡ ಅಜ್ಞಾನ ದೋಷವನ್ನು ಕಡಿಮೆ ಮಾಡದು ಎಂಬುದು ಸಂತ ತೋಮಸ್ ಅಕ್ವಿನಾಸರ ಬೋಧನೆ. ತಿಳಿದೂ ಮರೆಮಾಡುವುದು ಅದಕ್ಕಿಂತಲೂ ಘೋರ.

‘ಕಾರ್ಖಾನೆ ನಿಂತರೆ ಎಷ್ಟೋ ಮಂದಿಯ ಅನ್ನ ಹೋಗುತ್ತಿತ್ತಲ್ಲ?’ ಎಂದು ನೀವು ಕೇಳಬಹುದು. ನಿಜ, ಊರಿನ ಅನೇಕ ಜನ ಅದನ್ನೇ ನಂಬಿ ಬದುಕಿದ್ದರು. ಆದರೆ ಒಬ್ಬನ ಅನ್ನ ಉಳಿಸಲು ಇನ್ನೊಬ್ಬನ ಅನ್ನಕ್ಕೆ ವಿಷ ಹಾಕುವುದು ಯಾವ ನ್ಯಾಯ?

ಆ ವೈದ್ಯರೂ ಬೆಕ್ಕಿನ ಸಂಗತಿಯನ್ನು ವರ್ಷಗಟ್ಟಲೆ ಹೊರಗೆ ಹೇಳಲಿಲ್ಲ. 1970ರಲ್ಲಿ ಆಸ್ಪತ್ರೆಯ ಹಾಸಿಗೆಯಿಂದಲೇ ನ್ಯಾಯಾಲಯಕ್ಕೆ ಸಾಕ್ಷ್ಯ ನುಡಿದರು. ಅದೇ ವರ್ಷ ತೀರಿಕೊಂಡರು. ತಡವಾದರೂ ನುಡಿದ ಸತ್ಯ ವ್ಯರ್ಥವಾಗಲಿಲ್ಲ. 1973ರಲ್ಲಿ ನ್ಯಾಯಾಲಯ ರೋಗಿಗಳ ಪರವಾಗಿ ತೀರ್ಪಿತ್ತಿತು.

ನಮ್ಮಲ್ಲಿ ಕಾರ್ಖಾನೆಯ ಒಡೆಯರು ವಿರಳ. ಆದರೆ ನಮ್ಮ ಮನೆಯ, ಅಂಗಡಿಯ, ಕೆಲಸದ ಸ್ಥಳದ ಚರಂಡಿ ಎಲ್ಲಿ ಹೋಗಿ ಸೇರುತ್ತದೆಂದು ಎಂದಾದರೂ ವಿಚಾರಿಸಿದ್ದೇವೆಯೇ? ಈ ವಾರ ವಿಚಾರಿಸೋಣ. ಉತ್ತರ ತಿಳಿದ ಮೇಲೆ ಸುಮ್ಮನಿರುವುದು ಬೇಡ. ಆ ನೀರಿನ ಕೊನೆಯಲ್ಲಿ ಬಲೆ ಬೀಸುವವನೂ ನಮ್ಮ ನೆರೆಯವನೇ.